ವಿಲಿಯಂ ಟಿಂಡೇಲ್: ಊರು ಬಿಟ್ಟು ಹೋದವರು, ಮತ್ತೆ ಊರು ಕಾಣದವರು

ರಜೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಹೊರಡುವಾಗ ಈಗ ಯಾರೂ ದಪ್ಪ ಪುಸ್ತಕ ಹೊತ್ತುಕೊಂಡು ಹೋಗಬೇಕೆಂದಿಲ್ಲ. ಜೇಬಿನಲ್ಲಿರುವ ಮೊಬೈಲಿನಲ್ಲೇ ಕನ್ನಡದ ಸತ್ಯವೇದ ಇದೆ, ಕೊಂಕಣಿಯದ್ದೂ ಇದೆ, ಇಂಗ್ಲಿಷಿನಲ್ಲಂತೂ ಹತ್ತಾರು ಬಗೆ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ಬೈಬಲ್ ತರುವಾಗ ಅವರಿಗೆ ಸೆಕೆ, ಜ್ವರ, ಭಾಷೆಯ ಕಷ್ಟ ಎಲ್ಲ ಇತ್ತು. ಆದರೆ ಅನುವಾದ ಮಾಡಿದ್ದಕ್ಕಾಗಿ ಯಾರೂ ಅವರನ್ನು ಸೆರೆಗೆ ತಳ್ಳಲಿಲ್ಲ. ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲು ಇದೇ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡಿದ ಮನುಷ್ಯನಿಗೆ ಸಿಕ್ಕಿದ್ದು ಬೇರೆಯೇ ಕೂಲಿ.

ವಿಲಿಯಂ ಟಿಂಡೇಲ್ ಹುಟ್ಟಿದ್ದು 1494ರ ಆಸುಪಾಸಿನಲ್ಲಿ, ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಗಡಿಯ ಹತ್ತಿರವಿರುವ ಗ್ಲಾಸ್ಟರ್‌ಷೈರ್ ಸೀಮೆಯಲ್ಲಿ. ಅದು ಕುರಿ, ಉಣ್ಣೆ, ಬಟ್ಟೆ ವ್ಯಾಪಾರದ ಪ್ರದೇಶ. ಈ ಬಟ್ಟೆ ವ್ಯಾಪಾರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದೇ ಅವರ ಕೈ ಹಿಡಿಯುತ್ತದೆ. ಆಕ್ಸ್‌ಫರ್ಡಿನಲ್ಲಿ ಓದಿ 1512ರಲ್ಲಿ ಬಿ.ಎ., 1515ರಲ್ಲಿ ಎಂ.ಎ. ಮುಗಿಸಿದರು, ಪಾದ್ರಿ ದೀಕ್ಷೆಯೂ ಆಯಿತು. ಅಲ್ಲಿನ ಓದಿನ ಕ್ರಮದ ಬಗ್ಗೆ ಅವರಿಗೆ ಕೊನೆತನಕ ಅಸಮಾಧಾನ ಇತ್ತು. ವರ್ಷಗಟ್ಟಲೆ ತರ್ಕಶಾಸ್ತ್ರ, ತತ್ವಶಾಸ್ತ್ರ ಎಂದು ತಲೆಗೆ ತುಂಬಿ, ಆಮೇಲಷ್ಟೇ ದೇವರ ವಾಕ್ಯದ ಹತ್ತಿರ ಬಿಡುತ್ತಾರೆ, ಅಷ್ಟರಲ್ಲಿ ಅದನ್ನು ಇದ್ದ ಹಾಗೆ ಓದುವ ಕಣ್ಣೇ ಹೋಗಿರುತ್ತದೆ ಎಂಬುದು ಅವರ ದೂರು.

ಭಾಷೆ ಮಾತ್ರ ಅವರಿಗೆ ನೀರು ಕುಡಿದಷ್ಟು ಸಲೀಸು. ಗ್ರೀಕ್, ಲ್ಯಾಟಿನ್, ಹೀಬ್ರೂ ಸೇರಿದಂತೆ ಏಳು ಭಾಷೆ ಬಲ್ಲವರು, ಯಾವುದರಲ್ಲಿ ಮಾತಾಡಿದರೂ ಅದೇ ಅವರ ತಾಯಿನುಡಿ ಅಂತ ಅನ್ನಿಸುತ್ತಿತ್ತು ಎಂದು ಮುಂದೆ ಜರ್ಮನಿಯಲ್ಲಿ ಅವರ ಬಗ್ಗೆ ಪಂಡಿತನೊಬ್ಬ ಹೇಳಿದ್ದು ದಾಖಲಾಗಿದೆ.

ಓದು ಮುಗಿಸಿ ಕೆಲವು ವರ್ಷಗಳ ನಂತರ, 1520ರ ದಶಕದ ಆರಂಭದಲ್ಲಿ, ತಮ್ಮ ಸೀಮೆಗೇ ವಾಪಸ್ ಬಂದು ಲಿಟ್ಲ್ ಸಾಡ್‌ಬರಿ ಎಂಬಲ್ಲಿ ಸರ್ ಜಾನ್ ವಾಲ್ಷ್ ಎಂಬ ದೊಡ್ಡ ಮನುಷ್ಯರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ವಾಲ್ಷ್ ಮನೆಯ ಊಟದ ಮೇಜು ದೊಡ್ಡದು. ಸುತ್ತಮುತ್ತಲಿನ ಮಠಾಧಿಪತಿಗಳು, ಚರ್ಚಿನ ಅಧಿಕಾರಿಗಳು ಬಂದು ಉಂಡು ಹೋಗುತ್ತಿದ್ದರು. ಮಾತು ಧರ್ಮದ ಕಡೆ ತಿರುಗಿದಾಗ ಮೂಲೆಯಲ್ಲಿ ಕೂತ ಮೇಷ್ಟರು ಸುಮ್ಮನಿರಬೇಕಿತ್ತು. ಅವರು ಸುಮ್ಮನಿರುತ್ತಿರಲಿಲ್ಲ. ಬೈಬಲ್ ತೆರೆದು ಅಧ್ಯಾಯ, ವಾಕ್ಯ ತೋರಿಸಿ ನೀವು ಹೇಳಿದ್ದು ಇಲ್ಲಿಲ್ಲ ಎನ್ನುತ್ತಿದ್ದರು. ಮನೆಯ ಯಜಮಾನಿಗೆ ಇರಿಸುಮುರಿಸು. ವರ್ಷಕ್ಕೆ ಇಷ್ಟು ಪೌಂಡ್ ಖರ್ಚು ಮಾಡಬಲ್ಲ ದೊಡ್ಡವರ ಮಾತು ಬಿಟ್ಟು ಸಂಬಳದ ಮೇಷ್ಟರ ಮಾತು ಯಾಕೆ ನಂಬಬೇಕು ಅಂತ ಆಕೆ ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಟಿಂಡೇಲ್ ವಾದ ಮಾಡಲಿಲ್ಲ. ಎರಾಸ್ಮಸ್ ಬರೆದ ಒಂದು ಪುಸ್ತಕವನ್ನು ಇಂಗ್ಲಿಷಿಗೆ ತಿರುಗಿಸಿ ದಂಪತಿಯ ಕೈಗೆ ಕೊಟ್ಟರು. ಅವರು ಓದಿದರು. ಆಮೇಲೆ ಆ ಅತಿಥಿಗಳಿಗೆ ಆ ಮನೆಯಲ್ಲಿ ಮೊದಲಿನ ಉಪಚಾರ ಸಿಗಲಿಲ್ಲ, ಅವರೂ ಬರುವುದನ್ನು ಕಡಿಮೆ ಮಾಡಿದರು.

ದೂರು ಹೋಗಲು ತಡವಾಗಲಿಲ್ಲ. ಬಿಷಪರ ಅಧಿಕಾರಿ ಕರೆಸಿ, ನಾಯಿಗೆ ಬೈದ ಹಾಗೆ ಬೈದು ಕಳಿಸಿದ ಎಂದು ಟಿಂಡೇಲರೇ ಮುಂದೆ ಬರೆದಿದ್ದಾರೆ. ಅದೇ ಸುಮಾರಿಗೆ ವಿದ್ವಾಂಸನೊಬ್ಬ ದೇವರ ಕಟ್ಟಳೆ ಇಲ್ಲದಿದ್ದರೂ ಆದೀತು, ಪೋಪರ ಕಟ್ಟಳೆ ಇಲ್ಲದಿದ್ದರೆ ಆಗದು ಎಂಬರ್ಥದ ಮಾತಾಡಿದಾಗ, ದೇವರು ಆಯುಷ್ಯ ಕೊಟ್ಟರೆ ನೇಗಿಲು ಹೊಡೆಯುವ ಹುಡುಗನಿಗೂ ನಿನಗಿಂತ ಹೆಚ್ಚು ವಾಕ್ಯ ಗೊತ್ತಾಗುವ ಹಾಗೆ ಮಾಡುತ್ತೇನೆ ಎಂದು ಟಿಂಡೇಲ್ ಹೇಳಿಬಿಟ್ಟರು. ಸಿಟ್ಟಿನಲ್ಲಿ ಹೇಳಿದ ಮಾತಿರಬಹುದು. ಉಳಿದ ಆಯುಷ್ಯವೆಲ್ಲ ಆ ಮಾತಿನ ಲೆಕ್ಕ ತೀರಿಸುವುದರಲ್ಲೇ ಹೋಯಿತು.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಜರ್ಮನರಿಗೆ ಅವರ ಭಾಷೆಯಲ್ಲಿ ಅಚ್ಚಾದ ಬೈಬಲ್ 1466ರಲ್ಲೇ ಇತ್ತು. ಯುರೋಪಿನ ಬೇರೆ ಕೆಲವು ಭಾಷೆಗಳಲ್ಲೂ ಅಚ್ಚಾಗಿತ್ತು. ಇಂಗ್ಲೆಂಡಿನಲ್ಲಿ ಮಾತ್ರ ಅದು ಅಪರಾಧ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫ್ ಮತ್ತು ಅವರ ಹಿಂಬಾಲಕರು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದ ಕೈಬರಹದ ಪ್ರತಿಗಳು ಓಡಾಡಿ ಗಲಾಟೆ ಎದ್ದ ಮೇಲೆ, ಬಿಷಪರ ಅನುಮತಿ ಇಲ್ಲದೆ ಯಾರೂ ದೇವರ ವಾಕ್ಯವನ್ನು ಇಂಗ್ಲಿಷಿಗೆ ತರಬಾರದು, ಅಂಥದ್ದನ್ನು ಓದಲೂಬಾರದು ಎಂದು ಕಟ್ಟಳೆಯಾಯಿತು. ಪೂಜೆ ಲ್ಯಾಟಿನ್‌ನಲ್ಲಿ, ವಾಚನ ಲ್ಯಾಟಿನ್‌ನಲ್ಲಿ. ಕೇಳುವ ರೈತನಿಗೆ, ನೇಕಾರನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಳ್ಳಿಯ ಎಷ್ಟೋ ಪಾದ್ರಿಗಳಿಗೂ ಅರ್ಥ ಅಷ್ಟಕ್ಕಷ್ಟೇ.

ಅನುಮತಿ ಬೇಕು ತಾನೇ, ಕೇಳೋಣ ಎಂದು ಟಿಂಡೇಲ್ 1523ರಲ್ಲಿ ಲಂಡನ್ನಿಗೆ ಹೋದರು. ಇದನ್ನು ಗಮನಿಸಬೇಕು. ಕದ್ದು ಮಾಡುವ ಉದ್ದೇಶ ಮೊದಲು ಅವರಿಗೆ ಇರಲೇ ಇಲ್ಲ. ಲಂಡನ್ನಿನ ಬಿಷಪ್ ಕತ್ಬರ್ಟ್ ಟನ್‌ಸ್ಟಾಲ್ ದೊಡ್ಡ ವಿದ್ವಾಂಸರು, ಎರಾಸ್ಮಸ್‌ನ ಗೆಳೆಯರು. ತನ್ನ ಗ್ರೀಕ್ ಎಷ್ಟರ ಮಟ್ಟಿಗಿದೆ ಎಂದು ತೋರಿಸಲು ಟಿಂಡೇಲ್ ಗ್ರೀಕ್ ವಾಗ್ಮಿ ಐಸೊಕ್ರಟೀಸ್‌ನ ಒಂದು ಭಾಷಣವನ್ನು ಅನುವಾದಿಸಿ ಕೊಂಡೊಯ್ದಿದ್ದರು. ಈಗಿನ ಕಾಲದಲ್ಲಿ ಸಂದರ್ಶನಕ್ಕೆ ಸರ್ಟಿಫಿಕೇಟ್ ಹಿಡಿದು ಹೋದ ಹಾಗೆ. ಬಿಷಪರು ನಯವಾಗಿಯೇ ಮಾತಾಡಿ, ಮನೆಯಲ್ಲಿ ಈಗಾಗಲೇ ಜನ ಹೆಚ್ಚಾಗಿದ್ದಾರೆ, ಲಂಡನ್ನಿನಲ್ಲಿ ಬೇರೆ ಕಡೆ ಕೆಲಸ ಸಿಕ್ಕೀತು ಎಂದು ಹೇಳಿ ಕಳಿಸಿದರು.

ಕೈ ಹಿಡಿದದ್ದು ಬಟ್ಟೆ ವ್ಯಾಪಾರಿ ಹಂಫ್ರಿ ಮಾನ್ಮತ್. ಸುಮಾರು ಆರು ತಿಂಗಳು ಮನೆಯಲ್ಲಿ ಇರಿಸಿಕೊಂಡು 10 ಪೌಂಡ್ ಕೊಟ್ಟರು. ಇದಕ್ಕಾಗಿ ಮಾನ್ಮತ್ 1528ರಲ್ಲಿ ಲಂಡನ್ ಟವರಿನ ಸೆರೆಮನೆಗೆ ಬಿದ್ದಾಗ ಕೊಟ್ಟ ಅರ್ಜಿಯಲ್ಲಿ ಆ ದಿನಗಳ ವಿವರ ಇದೆ. ಹಗಲು ರಾತ್ರಿ ಪುಸ್ತಕದ ಮುಂದೆ ಕೂತಿರುತ್ತಿದ್ದರು. ಬೇಯಿಸಿದ ಮಾಂಸ ಸಾಕು, ಹುರಿದದ್ದು ಬೇಡ, ಕುಡಿಯಲು ತೆಳ್ಳಗಿನ ಬಿಯರ್ ಸಾಕು ಎನ್ನುತ್ತಿದ್ದರು. ಆ ಆರು ತಿಂಗಳಲ್ಲಿ ಟಿಂಡೇಲರಿಗೆ ಒಂದು ವಿಷಯ ಖಚಿತವಾಯಿತು. ಬಿಷಪರ ಮನೆಯಲ್ಲಷ್ಟೇ ಅಲ್ಲ, ಇಡೀ ಇಂಗ್ಲೆಂಡಿನಲ್ಲೇ ಈ ಕೆಲಸಕ್ಕೆ ಜಾಗವಿಲ್ಲ.

1524ರಲ್ಲಿ ಹಡಗು ಹತ್ತಿ ಜರ್ಮನಿಯ ಹ್ಯಾಂಬರ್ಗಿಗೆ ಹೋದರು. ವಯಸ್ಸು ಮೂವತ್ತರ ಆಸುಪಾಸು. ಊರು ಬಿಡುವಾಗ ಎಲ್ಲರೂ ಅಂದುಕೊಳ್ಳುವುದು ಒಂದೇ, ಕೆಲಸ ಮುಗಿಸಿ ಎರಡು ಮೂರು ವರ್ಷದಲ್ಲಿ ಬಂದುಬಿಡೋಣ ಅಂತ. ಟಿಂಡೇಲ್ ಮತ್ತೆ ಇಂಗ್ಲೆಂಡಿನ ನೆಲ ಮೆಟ್ಟಲಿಲ್ಲ.

1525ರಲ್ಲಿ ಕಲೋನ್ ನಗರದಲ್ಲಿ ಪೀಟರ್ ಕ್ವೆಂಟೆಲ್ ಎಂಬವರ ಅಚ್ಚುಕೂಟದಲ್ಲಿ ಹೊಸ ಒಡಂಬಡಿಕೆಯ ಮುದ್ರಣ ಶುರುವಾಯಿತು. ಜೊತೆಗೆ ಸಹಾಯಕ ವಿಲಿಯಂ ರಾಯ್. ಮೂಲ ಗ್ರೀಕ್‌ನಿಂದ ನೇರ ಇಂಗ್ಲಿಷಿಗೆ, ಅದೂ ಅಚ್ಚಿನಲ್ಲಿ, ಇದೇ ಮೊದಲು. ಮತ್ತಾಯನ ಸುವಾರ್ತೆ ಅಚ್ಚಾಗುತ್ತಿತ್ತು. ಅದೇ ಅಚ್ಚುಕೂಟದಲ್ಲಿ ತನ್ನ ಪುಸ್ತಕ ಅಚ್ಚು ಹಾಕಿಸುತ್ತಿದ್ದ ಕಾಕ್ಲೇಯಸ್ ಎಂಬ ವಿರೋಧಿಗೆ ಸುಳಿವು ಸಿಕ್ಕಿತು. ಅಚ್ಚಿನ ಕೆಲಸಗಾರರನ್ನು ಮನೆಗೆ ಕರೆದು ವೈನ್ ಕುಡಿಸಿ ಬಾಯಿ ಬಿಡಿಸಿದ. ಮೂರು ಸಾವಿರ ಪ್ರತಿ, ಇಂಗ್ಲೆಂಡಿಗೆ ಗುಟ್ಟಾಗಿ ಕಳಿಸುವುದು, ಖರ್ಚು ಅಲ್ಲಿನ ವ್ಯಾಪಾರಿಗಳದ್ದು, ಎಲ್ಲ ಹೊರಬಂತು. ಅಧಿಕಾರಿಗಳು ಬರುವ ಹೊತ್ತಿಗೆ ಟಿಂಡೇಲ್, ರಾಯ್ ಇಬ್ಬರೂ ಅಚ್ಚಾದ ಹಾಳೆಗಳ ಕಟ್ಟು ಹೊತ್ತು ರೈನ್ ನದಿಯಲ್ಲಿ ದೋಣಿ ಹತ್ತಿಯಾಗಿತ್ತು.

ವೋರ್ಮ್ಸ್ ನಗರದಲ್ಲಿ ಕೆಲಸ ಮತ್ತೆ ಮೊದಲಿನಿಂದ. 1526ರಲ್ಲಿ ಪೂರ್ತಿ ಹೊಸ ಒಡಂಬಡಿಕೆ ಹೊರಬಂತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪುಸ್ತಕ, ಅನುವಾದಕನ ಹೆಸರಿಲ್ಲ. ಹೆಸರು ಯಾಕೆ ಹಾಕಲಿಲ್ಲ ಎಂಬುದಕ್ಕೆ, ಒಳ್ಳೆಯ ಕೆಲಸವನ್ನು ಗುಟ್ಟಾಗಿ ಮಾಡಬೇಕೆಂದು ಕ್ರಿಸ್ತನೇ ಹೇಳಿದ್ದಾನಲ್ಲ ಎಂದು ಅವರು ಮುಂದೆ ಕಾರಣ ಕೊಟ್ಟಿದ್ದಾರೆ. ಪುಸ್ತಕಗಳು ಬಟ್ಟೆಯ ಗಂಟುಗಳ ನಡುವೆ ಸೇರಿ ಇಂಗ್ಲೆಂಡಿನ ಬಂದರುಗಳಿಗೆ ಇಳಿದವು.

ಈಗ ಶುರುವಾಯಿತು ನೋಡಿ ಬೇಟೆ. ಅದೇ ವರ್ಷದ ಅಕ್ಟೋಬರಿನಲ್ಲಿ ಟನ್‌ಸ್ಟಾಲ್ ಲಂಡನ್ನಿನ ಸೇಂಟ್ ಪಾಲ್ಸ್ ಬಳಿ ಜನರ ಮುಂದೆ ನಿಂತು ಈ ಅನುವಾದದಲ್ಲಿ ಸಾವಿರಾರು ತಪ್ಪುಗಳಿವೆ ಎಂದು ಸಾರಿ ಪ್ರತಿಗಳನ್ನು ಬೆಂಕಿಗೆ ಹಾಕಿಸಿದರು. ಮರುವರ್ಷ ಆರ್ಚ್‌ಬಿಷಪ್ ವಾರಮ್ ಇನ್ನೊಂದು ದಾರಿ ಹಿಡಿದರು. ಪೇಟೆಯಲ್ಲಿರುವುದನ್ನೆಲ್ಲ ದುಡ್ಡು ಕೊಟ್ಟು ಕೊಂಡು ಸುಟ್ಟುಬಿಡುವುದು. ಅದಕ್ಕೆ ತಗಲಿದ ಖರ್ಚು 66 ಪೌಂಡ್ 9 ಷಿಲಿಂಗ್ 4 ಪೆನ್ಸ್. ನಾರ್ವಿಚ್‌ನ ಬಿಷಪರು ತಮ್ಮ ಪಾಲಿಗೆ 10 ಮಾರ್ಕ್, ಅಂದರೆ 6 ಪೌಂಡ್ 13 ಷಿಲಿಂಗ್ 4 ಪೆನ್ಸ್ ಕಳಿಸುವುದಾಗಿ ಬರೆದರು. ಲೆಕ್ಕ ಚೊಕ್ಕವಾಗಿದೆ. ಆದರೆ ಮಾಲು ಖಾಲಿಯಾದಷ್ಟೂ ಬೇಡಿಕೆ ಏರುತ್ತದೆ, ಕೊಂಡ ದುಡ್ಡು ಮಾರಿದವನ ಕೈಗೇ ಹೋಗುತ್ತದೆ ಎಂಬ ಸಾಮಾನ್ಯ ವ್ಯಾಪಾರದ ಸೂತ್ರ ಇಷ್ಟು ದೊಡ್ಡ ವಿದ್ವಾಂಸರಿಗೆ ಹೊಳೆಯಲಿಲ್ಲ.

ಇದೇ ವಿಷಯದಲ್ಲಿ ಎಡ್ವರ್ಡ್ ಹಾಲ್ ಎಂಬ ಆ ಕಾಲದ ಚರಿತ್ರೆಕಾರ ಒಂದು ಕಥೆ ಬರೆದಿಟ್ಟಿದ್ದಾನೆ. ಟನ್‌ಸ್ಟಾಲ್ ಆಂಟ್‌ವರ್ಪಿಗೆ ಬಂದಿದ್ದಾಗ ಆಗಸ್ಟಿನ್ ಪ್ಯಾಕಿಂಗ್ಟನ್ ಎಂಬ ವ್ಯಾಪಾರಿ ಮಾತಿಗೆ ಸಿಕ್ಕಿದನಂತೆ. ಉಳಿದ ಪ್ರತಿಗಳನ್ನೆಲ್ಲ ಎಷ್ಟಾದರೂ ಆಗಲಿ ಕೊಂಡುಕೊಡು ಎಂದರು ಬಿಷಪರು. ಪ್ಯಾಕಿಂಗ್ಟನ್ ನೇರ ಹೋದದ್ದು ಟಿಂಡೇಲರ ಹತ್ತಿರ. ಸುಡುತ್ತಾರೆ ಎಂದು ಗೊತ್ತಿದ್ದೂ ಟಿಂಡೇಲ್ ಒಪ್ಪಿದರು. ಸಾಲ ತೀರುತ್ತದೆ, ಉಳಿದದ್ದರಲ್ಲಿ ತಪ್ಪು ತಿದ್ದಿ ಹೊಸದಾಗಿ ಅಚ್ಚು ಹಾಕಿಸಬಹುದು, ದೇವರ ವಾಕ್ಯ ಸುಟ್ಟದ್ದಕ್ಕೆ ಜನ ಬಿಷಪರನ್ನೇ ಬೈಯುತ್ತಾರೆ ಎಂಬುದು ಅವರ ಲೆಕ್ಕ. ಆಮೇಲೆ ಇಂಗ್ಲೆಂಡಿಗೆ ಮೊದಲಿನ ಮೂರು ಪಟ್ಟು ಪುಸ್ತಕ ಬಂತು. ಇವರಿಗೆ ದುಡ್ಡು ಕೊಡುವವರು ಯಾರು ಎಂದು ಥಾಮಸ್ ಮೋರ್ ಸೆರೆಸಿಕ್ಕ ಒಬ್ಬನನ್ನು ವಿಚಾರಿಸಿದಾಗ, ಲಂಡನ್ನಿನ ಬಿಷಪರೇ ಸ್ವಾಮಿ ಎಂಬ ಉತ್ತರ ಬಂತಂತೆ. ಹಾಲ್ ಕಥೆಗೆ ಒಂದಿಷ್ಟು ಒಗ್ಗರಣೆ ಹಾಕಿರಬಹುದು. ಆದರೆ ಬಿಷಪರು ಪುಸ್ತಕ ಕೊಂಡು ಸುಟ್ಟದ್ದಂತೂ ನಿಜ.

ಥಾಮಸ್ ಮೋರ್ ಹೆಸರು ಬಂದದ್ದರಿಂದ ಅವರ ಬಗ್ಗೆ ಎರಡು ಮಾತು ಬೇಕು. ಟಿಂಡೇಲರ ಅತಿ ದೊಡ್ಡ ಎದುರಾಳಿ ಅವರು. ತಕರಾರು ಇದ್ದದ್ದು ಕೆಲವೇ ಪದಗಳ ಮೇಲೆ. ಗ್ರೀಕ್‌ನಲ್ಲಿರುವ ಎಕ್ಲೇಸಿಯಾ ಎಂಬ ಪದವನ್ನು ಟಿಂಡೇಲ್ ಚರ್ಚ್ ಎನ್ನದೆ ಜನರ ಸಭೆ ಎಂಬರ್ಥ ಕೊಡುವ ಪದದಿಂದ ಅನುವಾದಿಸಿದರು. ಯಾಜಕ ಎನ್ನುವಲ್ಲಿ ಹಿರಿಯ ಎಂದರು. ಪ್ರಾಯಶ್ಚಿತ್ತ ಮಾಡಿರಿ ಎನ್ನುವಲ್ಲಿ ಪಶ್ಚಾತ್ತಾಪಪಡಿರಿ ಎಂದರು. ನೋಡಲು ಸಣ್ಣ ಬದಲಾವಣೆ. ಆದರೆ ಪ್ರಾಯಶ್ಚಿತ್ತ ಎಂದರೆ ಪಾದ್ರಿಯ ಮುಂದೆ ನಡೆಯುವ ವಿಧಿ, ಅದಕ್ಕೆ ಸಂಸ್ಥೆ ಬೇಕು, ಕಾಣಿಕೆ ಬೇಕು. ಪಶ್ಚಾತ್ತಾಪ ಮನುಷ್ಯನಿಗೂ ದೇವರಿಗೂ ನಡುವಿನದ್ದು. ಹೀಗಾಗಿ ಒಂದು ಪದ ಬದಲಾದರೆ ಇಡೀ ಕಟ್ಟಡ ಅಲುಗಾಡುತ್ತಿತ್ತು. ಮೋರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1529ರಲ್ಲಿ ಟಿಂಡೇಲ್ ವಿರುದ್ಧ ಒಂದು ಪುಸ್ತಕ ಬರೆದರು, ಟಿಂಡೇಲ್ 1531ರಲ್ಲಿ ಉತ್ತರ ಕೊಟ್ಟರು, ಅದಕ್ಕೆ ಮೋರ್ ಕೊಟ್ಟ ಮರು ಉತ್ತರ ಸುಮಾರು ಐದು ಲಕ್ಷ ಪದಗಳಷ್ಟು ಉದ್ದ. ಇಬ್ಬರೂ ಬಳಸಿದ ಭಾಷೆ ಮನೆಯಲ್ಲಿ ಮಕ್ಕಳ ಮುಂದೆ ಓದುವಂಥದ್ದಲ್ಲ. ಟಿಂಡೇಲರ ಕೋಪವೂ ಸಣ್ಣದಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ.

ವಿಚಿತ್ರ ಏನೆಂದರೆ ಅರಸ ಎಂಟನೇ ಹೆನ್ರಿ ತನ್ನ ರಾಣಿ ಕ್ಯಾಥರೀನಳನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾಗಲು ಹೊರಟಾಗ ಈ ಇಬ್ಬರು ಬದ್ಧ ವಿರೋಧಿಗಳೂ ಒಪ್ಪಲಿಲ್ಲ. ಮೋರ್ ಅದಕ್ಕೆ ಬೆಂಬಲ ಕೊಡದೆ, ಅರಸನನ್ನು ಚರ್ಚಿನ ಮುಖ್ಯಸ್ಥನೆಂದು ಪ್ರಮಾಣ ಮಾಡದೆ 1535ರ ಜುಲೈಯಲ್ಲಿ ತಲೆ ಕೊಟ್ಟರು. 1935ರಲ್ಲಿ ಕಥೊಲಿಕ್ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಟಿಂಡೇಲರ ಪಾಲಿಗೆ ಇಲ್ಲಿ ದೊಡ್ಡ ಲಾಭದ ಅವಕಾಶ ಇತ್ತು. 1528ರಲ್ಲಿ ಅವರು ಬರೆದ ಒಂದು ಪುಸ್ತಕವನ್ನು ಆನ್ ಬೊಲಿನ್ ಅರಸನಿಗೆ ತೋರಿಸಿದ್ದಳು, ಪ್ರಜೆಗಳು ಅರಸನಿಗೆ ವಿಧೇಯರಾಗಿರಬೇಕು ಎಂಬ ಭಾಗ ಅವನಿಗೆ ಬಹಳ ಹಿಡಿಸಿತ್ತು. ಮದುವೆಯ ವಿಷಯದಲ್ಲಿ ಒಂದು ಮಾತು ಅರಸನ ಪರವಾಗಿ ಬರೆದಿದ್ದರೆ ಕ್ಷಮೆ, ಊರು, ಬಹುಶಃ ಒಳ್ಳೆಯ ಹುದ್ದೆ ಎಲ್ಲ ಸಿಗುತ್ತಿತ್ತೇನೋ. 1530ರಲ್ಲಿ ಅವರು ಬರೆದದ್ದು ಉಲ್ಟಾ. ಶಾಸ್ತ್ರದ ಪ್ರಕಾರ ಅರಸನ ಮೊದಲ ಮದುವೆ ಸಿಂಧು, ಬಿಡುವ ಹಾಗಿಲ್ಲ. ತನಗೆ ಸಹಾಯ ಮಾಡಬಲ್ಲ ಒಬ್ಬನೇ ವ್ಯಕ್ತಿಯನ್ನು ಹೀಗೆ ಶತ್ರು ಮಾಡಿಕೊಂಡರು.

ಅದೇ ವರ್ಷ ಹಳೆ ಒಡಂಬಡಿಕೆಯ ಮೊದಲ ಐದು ಪುಸ್ತಕಗಳ ಅನುವಾದ ಆಂಟ್‌ವರ್ಪಿನಲ್ಲಿ ಅಚ್ಚಾಯಿತು, ಹೀಬ್ರೂವಿನಿಂದ ನೇರವಾಗಿ. ಯೆಹೂದಿಗಳನ್ನು 1290ರಲ್ಲೇ ಹೊರಹಾಕಿದ್ದ ಇಂಗ್ಲೆಂಡಿನಲ್ಲಿ ಹೀಬ್ರೂ ಬಲ್ಲವರು ಬೆರಳೆಣಿಕೆಯಷ್ಟು. ಟಿಂಡೇಲ್ ಅದನ್ನು ಕಲಿತದ್ದು ಪರದೇಶದಲ್ಲೇ. ಪುಸ್ತಕದ ಮೇಲೆ ಮಾತ್ರ ಜರ್ಮನಿಯ ಮಾರ್ಬರ್ಗಿನಲ್ಲಿ ಅಚ್ಚಾಯಿತೆಂದು ಸುಳ್ಳು ವಿಳಾಸ. ಸತ್ಯಕ್ಕಾಗಿ ನಿಂತವರು ಸುಳ್ಳು ವಿಳಾಸ ಹಾಕಬಹುದೇ ಎಂದು ಕೇಳಬಹುದು. ಮುದ್ರಕನಿಗೂ ಹೆಂಡತಿ ಮಕ್ಕಳು ಇದ್ದರಲ್ಲ.

1531ರ ವಸಂತದಲ್ಲಿ ಅರಸನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಕಡೆಯಿಂದ ಸ್ಟೀಫನ್ ವಾನ್ ಎಂಬ ವ್ಯಾಪಾರಿ ಟಿಂಡೇಲರನ್ನು ಹುಡುಕಿಕೊಂಡು ಬಂದ. ಆಂಟ್‌ವರ್ಪ್ ಊರ ಹೊರಗೆ ಒಂದು ಬಯಲಿನಲ್ಲಿ ಭೇಟಿ. ಊರಿಗೆ ಬಾ, ಅರಸ ಕರುಣೆ ತೋರಿಸುತ್ತಾನೆ ಎಂಬ ಸಂದೇಶ. ಟಿಂಡೇಲರ ಕಣ್ಣಲ್ಲಿ ನೀರು ಬಂತೆಂದು ವಾನ್ ತನ್ನ ವರದಿಯಲ್ಲಿ ಬರೆದಿದ್ದಾನೆ. ಅವರು ಕೊಟ್ಟ ಉತ್ತರ ಇಷ್ಟು: ಟಿಪ್ಪಣಿ ಬೇಡ, ವಿವರಣೆ ಬೇಡ, ಬರೀ ವಾಕ್ಯದ ಪಠ್ಯವನ್ನು ಜನರ ಭಾಷೆಯಲ್ಲಿ ಓದಲು ಅರಸ ಅನುಮತಿ ಕೊಡಲಿ. ಅನುವಾದ ತನ್ನದೇ ಆಗಬೇಕೆಂದಿಲ್ಲ, ಯಾರದ್ದಾದರೂ ಆಗಲಿ. ಹಾಗಾದರೆ ಮುಂದೆ ಒಂದಕ್ಷರ ಬರೆಯುವುದಿಲ್ಲ, ಎರಡು ದಿನವೂ ಇಲ್ಲಿ ನಿಲ್ಲದೆ ಬಂದು ಅರಸನ ಕಾಲಿಗೆ ಬೀಳುತ್ತೇನೆ, ಶಿಕ್ಷೆ ಏನಾದರೂ ಸರಿ. ತನ್ನ ಜೀವಕ್ಕೆ ಅವರು ಷರತ್ತು ಹಾಕಲೇ ಇಲ್ಲ. ಅರಸ ಒಪ್ಪಲಿಲ್ಲ. ಮುಂದೆ ಬಂದವರು ಕರೆಯಲು ಬಂದವರಲ್ಲ, ಹಿಡಿಯಲು ಬಂದವರು.

1533ರ ಜುಲೈಯಲ್ಲಿ ಅವರ ಆಪ್ತ, ಮಗನ ಹಾಗಿದ್ದ ಜಾನ್ ಫ್ರಿತ್‌ನನ್ನು ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಸುಟ್ಟರು. ಆತ ಸೆರೆಯಲ್ಲಿದ್ದಾಗ ಟಿಂಡೇಲ್ ಬರೆದ ಕಾಗದಗಳು ಉಳಿದಿವೆ. ಹೆಂಡತಿಗೆ ಧೈರ್ಯ ಇದೆ, ತನ್ನಿಂದ ದೇವರ ಮಹಿಮೆಗೆ ಅಡ್ಡಿಯಾಗಬಾರದು ಎಂದು ಆಕೆ ಬಯಸುತ್ತಾಳೆ ಎಂಬ ಸುದ್ದಿಯನ್ನೂ ಅದರಲ್ಲಿ ತಿಳಿಸಿದ್ದರು. ದೂರದೇಶದಿಂದ ಬರೆಯುವ ಕಾಗದದಲ್ಲಿ ಇದಕ್ಕಿಂತ ಕಷ್ಟದ ಸುದ್ದಿ ಇರಲಾರದು.

1534ರ ಹೊತ್ತಿಗೆ ಟಿಂಡೇಲ್ ಆಂಟ್‌ವರ್ಪಿನ ಇಂಗ್ಲಿಷ್ ವ್ಯಾಪಾರಿಗಳ ಮನೆಯಲ್ಲಿ ಇದ್ದರು. ಥಾಮಸ್ ಪಾಯಿಂಟ್ಜ್ ಎಂಬ ವ್ಯಾಪಾರಿ ಅವರಿಗೆ ಆಶ್ರಯ ಕೊಟ್ಟಿದ್ದರು. ಆ ಮನೆಗೆ ವಿಶೇಷ ಹಕ್ಕುಗಳಿದ್ದವು, ಒಳಗೆ ನುಗ್ಗಿ ಯಾರನ್ನೂ ಸುಲಭವಾಗಿ ಹಿಡಿಯುವಂತಿರಲಿಲ್ಲ. ಹೊಸ ಒಡಂಬಡಿಕೆಯನ್ನು ತಿದ್ದಿ ಅದೇ ವರ್ಷ ಮತ್ತೆ ಅಚ್ಚು ಹಾಕಿಸಿದರು. ಎಂಟು ವರ್ಷದ ಹಿಂದಿನ ತನ್ನದೇ ತಪ್ಪುಗಳನ್ನು ಒಪ್ಪಿ ಸಾವಿರಾರು ಕಡೆ ತಿದ್ದಿದ್ದರು. ಸುಟ್ಟವರು ಹೇಳಿದ ಸಾವಿರಾರು ತಪ್ಪು ಬೇರೆ, ಇದು ಬೇರೆ.

ಅವರ ವಾರದ ದಿನಚರಿಯನ್ನು ಜಾನ್ ಫಾಕ್ಸ್ ದಾಖಲಿಸಿದ್ದಾರೆ. ಸೋಮವಾರ ಮತ್ತು ಶನಿವಾರ ಅವರಿಗೆ ಪುಸ್ತಕದಿಂದ ರಜೆ. ಸೋಮವಾರ ಇಂಗ್ಲೆಂಡಿನಿಂದ ಓಡಿಬಂದು ಆ ಊರಲ್ಲಿ ದಿಕ್ಕಿಲ್ಲದೆ ಇದ್ದ ತನ್ನ ದೇಶದವರನ್ನು ಹುಡುಕಿ ಹೋಗಿ ನೋಡುವುದು, ಕಾಯಿಲೆ ಬಿದ್ದವರನ್ನು ವಿಚಾರಿಸುವುದು. ಶನಿವಾರ ಊರಿನ ಮೂಲೆ ಮೂಲೆ ಸುತ್ತಿ, ಮಕ್ಕಳೊಂದಿಗರು, ವಯಸ್ಸಾದವರು, ಕೈಲಾಗದವರು ಇದ್ದಲ್ಲಿ ಸಹಾಯ ಮಾಡುವುದು. ವ್ಯಾಪಾರಿಗಳು ಅವರ ಖರ್ಚಿಗೆಂದು ಕೊಡುತ್ತಿದ್ದ ದುಡ್ಡಿನಲ್ಲಿ ಹೆಚ್ಚಿನದು ಹೀಗೆಯೇ ಹೋಗುತ್ತಿತ್ತು. ಪರದೇಶದಲ್ಲಿ ಊರವನೊಬ್ಬ ಬಾಗಿಲು ತಟ್ಟಿ ಹೇಗಿದ್ದೀಯ ಅಂತ ಕೇಳಿದರೆ ಅದರ ಬೆಲೆ ಏನೆಂದು ಇಲ್ಲಿನ ಕ್ಯಾಂಪುಗಳಲ್ಲಿ ಇರುವವರಿಗೆ ಹೇಳಿಕೊಡಬೇಕಿಲ್ಲ.

ಇಷ್ಟು ಸುಲಭದಲ್ಲಿ ಜನರನ್ನು ನಂಬುವ ಗುಣವೇ ಮುಳುವಾಯಿತು. ಹೆನ್ರಿ ಫಿಲಿಪ್ಸ್ ಎಂಬ ಒಳ್ಳೆ ಮನೆತನದ ಯುವಕ ಬಂದ. ತಂದೆ ಯಾರಿಗೋ ತಲುಪಿಸಲು ಕೊಟ್ಟಿದ್ದ ಹಣವನ್ನು ಜೂಜಿನಲ್ಲಿ ಕಳೆದು, ಮನೆಗೆ ಮುಖ ತೋರಿಸಲಾಗದೆ ಓಡಿಬಂದವನು. ಈಗ ಅವನ ಕೈಯಲ್ಲಿ ದುಡ್ಡು ಧಾರಾಳ. ಯಾರು ಕೊಟ್ಟದ್ದು ಎಂಬುದು ಇವತ್ತಿಗೂ ಪೂರ್ತಿ ಬಯಲಾಗಿಲ್ಲ. ನಯ ವಿನಯ, ಒಳ್ಳೆ ಮಾತು. ಟಿಂಡೇಲ್ ಅವನನ್ನು ಊಟಕ್ಕೆ ಕರೆದರು, ತನ್ನ ಪುಸ್ತಕ, ಕಾಗದ ಎಲ್ಲ ತೋರಿಸಿದರು. ಪಾಯಿಂಟ್ಜ್‌ಗೆ ಮಾತ್ರ ಸಂಶಯ ಇತ್ತು. ಟಿಂಡೇಲ್ ಕೇಳಲಿಲ್ಲ.

1535ರ ಮೇ 21. ಪಾಯಿಂಟ್ಜ್ ವ್ಯಾಪಾರಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಫಿಲಿಪ್ಸ್ ಬಂದು, ದಾರಿಯಲ್ಲಿ ಪರ್ಸ್ ಕಳೆದುಹೋಯಿತು, 40 ಷಿಲಿಂಗ್ ಸಾಲ ಕೊಡಿ ಎಂದ. 40 ಷಿಲಿಂಗ್ ಎಂದರೆ 2 ಪೌಂಡ್. ಲಂಡನ್ನಿನಲ್ಲಿ ಮಾನ್ಮತ್ ಒಂದು ಕಾಲದಲ್ಲಿ ಕೊಟ್ಟ 10 ಪೌಂಡಿನ ಐದರಲ್ಲಿ ಒಂದು ಪಾಲು. ಟಿಂಡೇಲ್ ಕೊಟ್ಟರು. ಇನ್ನು ಕೆಲವೇ ಹೊತ್ತಿನಲ್ಲಿ ಹಿಡಿದುಕೊಡಲಿರುವ ಮನುಷ್ಯನ ಹತ್ತಿರ, ಅವನಿಗೆ ಇನ್ನು ದುಡ್ಡಿನ ಅಗತ್ಯ ಇರುವುದಿಲ್ಲ ಎಂದು ಗೊತ್ತಿದ್ದೇ ಇಸಕೊಂಡ ಸಾಲ ಅದು. ಈ ಕಥೆಯಲ್ಲಿ ಬೆಂಕಿ, ಸೆರೆಮನೆ ಎಲ್ಲ ಇದೆ, ಆದರೂ ಓದಿದವರಿಗೆ ಮನಸ್ಸಿನಲ್ಲಿ ಉಳಿಯುವುದು ಈ 40 ಷಿಲಿಂಗ್.

ಊಟಕ್ಕೆಂದು ಇಬ್ಬರೂ ಹೊರಟರು. ಮನೆಯಿಂದ ಹೊರಬರುವ ದಾರಿ ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಟಿಂಡೇಲ್ ಫಿಲಿಪ್ಸ್‌ನನ್ನು ಮುಂದೆ ಬಿಡಲು ನೋಡಿದರು. ಅವನು ಬಹಳ ಮರ್ಯಾದೆ ತೋರಿಸಿ ಅವರನ್ನೇ ಮುಂದೆ ಬಿಟ್ಟ. ಫಿಲಿಪ್ಸ್ ಎತ್ತರದ ಆಳು, ಟಿಂಡೇಲ್ ಕುಳ್ಳು. ಬಾಗಿಲಲ್ಲಿ ಕಾದಿದ್ದ ಸಿಪಾಯಿಗಳಿಗೆ ಹಿಂದಿನಿಂದ ಅವರ ತಲೆಯ ಮೇಲೆ ಬೆರಳು ತೋರಿಸಿದ. ಹಿಡಿದವರೇ ಆಮೇಲೆ, ಆ ಮನುಷ್ಯನ ಮುಗ್ಧತನ ಕಂಡು ಪಾಪ ಅನ್ನಿಸಿತು ಎಂದು ಪಾಯಿಂಟ್ಜ್ ಬಳಿ ಹೇಳಿಕೊಂಡರಂತೆ.

ಬ್ರಸೆಲ್ಸ್ ಹತ್ತಿರದ ವಿಲ್ವೋರ್ಡ್ ಕೋಟೆಯಲ್ಲಿ ಸೆರೆ. ಅದು ಚಕ್ರವರ್ತಿ ಐದನೇ ಚಾರ್ಲ್ಸ್‌ನ ಆಳ್ವಿಕೆಯ ಪ್ರದೇಶ. ಪಾಯಿಂಟ್ಜ್ ಸುಮ್ಮನೆ ಕೂರಲಿಲ್ಲ. ತನ್ನ ಸಹೋದರನಿಗೆ ಬರೆದರು, ಲಂಡನ್ನಿಗೆ ಓಡಾಡಿದರು, ಕ್ರಾಮ್‌ವೆಲ್‌ನ ಶಿಫಾರಸು ಪತ್ರ ತಂದು ಬ್ರಸೆಲ್ಸಿಗೆ ಮುಟ್ಟಿಸಿದರು. ಇನ್ನೇನು ಬಿಡುಗಡೆ ಎನ್ನುವಷ್ಟರಲ್ಲಿ ಫಿಲಿಪ್ಸ್ ಇವರೂ ಧರ್ಮದ್ರೋಹಿಯೇ ಎಂದು ದೂರು ಕೊಟ್ಟು ಪಾಯಿಂಟ್ಜ್‌ರನ್ನೂ ಒಳಗೆ ಹಾಕಿಸಿದ. ತನ್ನನ್ನೂ ಕೊಲ್ಲುತ್ತಾರೆಂದು ಗೊತ್ತಾದಾಗ ಅವರು 1536ರ ಆರಂಭದಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದರು. ವ್ಯಾಪಾರ ಮುಳುಗಿತು, ಆಂಟ್‌ವರ್ಪಿನ ಹೆಂಡತಿ ಜೊತೆಗೆ ಬರಲು ಒಪ್ಪಲಿಲ್ಲ, ಮಕ್ಕಳು ವರ್ಷಗಟ್ಟಲೆ ದೂರವಾದರು. ಮುಂದೆ ಕುಟುಂಬದ ಆಸ್ತಿ ಅವರ ಪಾಲಿಗೆ ಬಂದರೂ ಅಲ್ಲಿ ಹೋಗಿ ವಾಸ ಮಾಡುವಷ್ಟು ಚೈತನ್ಯ ಉಳಿದಿರಲಿಲ್ಲ. ಟಿಂಡೇಲರ ಹೆಸರು ಹೇಳುವವರು ಪಾಯಿಂಟ್ಜ್ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಸೆರೆಮನೆಯಿಂದ ಟಿಂಡೇಲ್ ಲ್ಯಾಟಿನ್‌ನಲ್ಲಿ ಬರೆದ ಒಂದು ಕಾಗದ ಹತ್ತೊಂಬತ್ತನೇ ಶತಮಾನದಲ್ಲಿ ಬೆಲ್ಜಿಯಂನ ಹಳೆ ಕಡತಗಳಲ್ಲಿ ಸಿಕ್ಕಿತು. ಅಧಿಕಾರಿಯೊಬ್ಬರಿಗೆ ಬರೆದ ಅರ್ಜಿ. ಚಳಿಗಾಲ ಬರುತ್ತಿದೆ. ನನ್ನ ಸಾಮಾನಿನಲ್ಲಿರುವ ಬೆಚ್ಚನೆಯ ಟೋಪಿ ಕಳಿಸಿಕೊಡಿ, ನೆಗಡಿಯಿಂದ ತಲೆ ಬಹಳ ನೋಯುತ್ತದೆ ಎಂದು ಕೇಳಿದ್ದಾರೆ. ಇರುವ ಕೋಟು ತೆಳುವಾಗಿದೆ, ದಪ್ಪದ್ದು ಬೇಕು. ಕಾಲಿನ ಬಟ್ಟೆಗೆ ತೇಪೆ ಹಾಕಲು ಒಂದು ತುಂಡು ಬೇಕು. ಸಂಜೆ ಹೊತ್ತಿಗೆ ಒಂದು ದೀಪ, ಕತ್ತಲಲ್ಲಿ ಒಬ್ಬನೇ ಕೂರುವುದು ಬೇಸರ. ಎಲ್ಲಕ್ಕಿಂತ ಹೆಚ್ಚಾಗಿ ಹೀಬ್ರೂ ಬೈಬಲ್, ಹೀಬ್ರೂ ವ್ಯಾಕರಣ, ನಿಘಂಟು. ಹಳೆ ಒಡಂಬಡಿಕೆ ಇನ್ನೂ ಅರ್ಧಕ್ಕೇ ನಿಂತಿತ್ತಲ್ಲ. ಬಿಡುಗಡೆ ಮಾಡಿ ಎಂದು ಬೇಡಿಕೊಂಡ ಕಾಗದ ಅಲ್ಲ ಅದು. ಅವರ ಕೈಬರಹದ ಕಾಗದ ಈಗ ಉಳಿದಿರುವುದು ಇದೊಂದೇ.

ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಲೂವೆನ್ ವಿಶ್ವವಿದ್ಯಾಲಯದ ಪಂಡಿತರು ಬಂದು ವಾದ ಮಾಡಿದರು. ವಕೀಲರನ್ನು ಕೊಡುತ್ತೇವೆ ಎಂದಾಗ ಟಿಂಡೇಲ್ ಬೇಡವೆಂದು ತಾವೇ ಉತ್ತರ ಕೊಟ್ಟರು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದ, ತನ್ನ ಪುಣ್ಯಕಾರ್ಯಗಳಿಂದಲ್ಲ ಎಂಬುದೇ ವಾದದ ತಿರುಳು. ಹಿಂತೆಗೆದುಕೊಳ್ಳಲಿಲ್ಲ. 1536ರ ಆಗಸ್ಟಿನಲ್ಲಿ ತೀರ್ಪಾಯಿತು, ಪಾದ್ರಿ ಪದವಿ ಕಿತ್ತರು. ಅಕ್ಟೋಬರ್ ಮೊದಲ ವಾರದಲ್ಲಿ ಕಂಬಕ್ಕೆ ಕಟ್ಟಿ, ಕತ್ತು ಬಿಗಿದು, ದೇಹವನ್ನು ಸುಟ್ಟರು. ಅಕ್ಟೋಬರ್ 6ನ್ನು ಅವರ ನೆನಪಿನ ದಿನವಾಗಿ ಆಚರಿಸುತ್ತಾರೆ. ಇಂಗ್ಲೆಂಡಿನ ಅರಸನ ಕಣ್ಣು ತೆರೆಸು ದೇವರೇ ಎಂಬುದು ಅವರ ಕೊನೆಯ ಪ್ರಾರ್ಥನೆಯಾಗಿತ್ತು ಎಂದು ಫಾಕ್ಸ್ ಬರೆದಿದ್ದಾರೆ.

ಮರುವರ್ಷವೇ, 1537ರಲ್ಲಿ, ಥಾಮಸ್ ಮ್ಯಾಥ್ಯೂ ಎಂಬ ಹೆಸರಿನಲ್ಲಿ ಒಂದು ಇಂಗ್ಲಿಷ್ ಬೈಬಲ್ ಅರಸನ ಅನುಮತಿಯೊಂದಿಗೆ ಮಾರಾಟಕ್ಕೆ ಬಂತು. ಮ್ಯಾಥ್ಯೂ ಎಂಬವನು ಯಾರೂ ಇಲ್ಲ. ಅದನ್ನು ಸಿದ್ಧ ಮಾಡಿದ್ದು ಟಿಂಡೇಲರ ಗೆಳೆಯ ಜಾನ್ ರಾಜರ್ಸ್. ಒಳಗಿನ ಬಹುಪಾಲು ಟಿಂಡೇಲರದ್ದೇ ಅನುವಾದ, ಅವರು ಮುಗಿಸದೆ ಬಿಟ್ಟ ಭಾಗಕ್ಕೆ ಮೈಲ್ಸ್ ಕವರ್‌ಡೇಲ್ ಅನುವಾದ ಜೋಡಿಸಿದ್ದರು. ಮಲಾಕಿಯ ಪುಸ್ತಕದ ಕೊನೆಗೆ ಟಿಂಡೇಲರ ಹೆಸರಿನ ಮೊದಲ ಎರಡು ಅಕ್ಷರಗಳು ದೊಡ್ಡದಾಗಿ ಅಚ್ಚಾಗಿವೆ. ಅರಸನ ಕಣ್ಣಿಗೆ ಅದು ಬಿತ್ತೋ ಇಲ್ಲವೋ. 1539ರಲ್ಲಿ ಪ್ರತಿ ಚರ್ಚಿನಲ್ಲೂ ಜನ ಓದಲು ಇಂಗ್ಲಿಷ್ ಬೈಬಲ್ ಇಡಬೇಕೆಂಬ ಆಜ್ಞೆಯಂತೆ ದೊಡ್ಡ ಆಕಾರದ ಬೈಬಲ್ ಬಂತು. ಅದೂ ಇದರ ಪರಿಷ್ಕರಣೆಯೇ. ಆ ಬೈಬಲಿನ 1541ರ ಮುದ್ರಣದ ಮುಖಪುಟದಲ್ಲಿ, ಅರಸನ ಅಪ್ಪಣೆಯಂತೆ ಇದನ್ನು ಪರಿಶೀಲಿಸಿದ ಇಬ್ಬರು ಬಿಷಪರ ಹೆಸರಿದೆ. ಅದರಲ್ಲಿ ಒಬ್ಬರು ಕತ್ಬರ್ಟ್ ಟನ್‌ಸ್ಟಾಲ್.

1611ರ ಕಿಂಗ್ ಜೇಮ್ಸ್ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಪದಗಳು ಟಿಂಡೇಲರವೇ ಎಂದು ಎಣಿಸಿ ನೋಡಿದವರು ಹೇಳುತ್ತಾರೆ. ಬೆಂಕಿಗೆ ಬಿದ್ದ 1526ರ ಮುದ್ರಣದ ಪ್ರತಿಗಳು ಈಗ ಜಗತ್ತಿನಲ್ಲಿ ಮೂರು ಮಾತ್ರ ಇವೆ. ಅವುಗಳಲ್ಲಿ ಒಂದನ್ನು 1994ರಲ್ಲಿ ಬ್ರಿಟಿಷ್ ಲೈಬ್ರರಿ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಕೊಂಡಿತು. ಇನ್ನೊಂದು ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿದೆ, ಪ್ರತಿಗಳನ್ನು ಸುಟ್ಟ ಜಾಗದ ಪಕ್ಕದಲ್ಲೇ. ಮೂರನೆಯದು ಜರ್ಮನಿಯ ಸ್ಟುಟ್‌ಗಾರ್ಟ್ ಗ್ರಂಥಾಲಯದಲ್ಲಿ ಇದ್ದದ್ದು ಜಗತ್ತಿಗೆ ಗೊತ್ತಾಗಿದ್ದು 1996ರಲ್ಲಿ. ಮುಖಪುಟ ಹರಿಯದೆ ಉಳಿದಿರುವುದು ಅದೊಂದರಲ್ಲಿ. ಆ ಪುಟದಲ್ಲೂ ಅನುವಾದಕನ ಹೆಸರಿಲ್ಲ.